ಶಿಕ್ಷೆಗೆ ಮುನ್ನ ಒಂದು ಇಸಿಜಿ

ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಫ್ರೀಡ್ರಿಕ್ ಲುಡ್ವಿಗ್ ಮೈಸ್ನರ್ 1856ರಲ್ಲಿ ಕಿವುಡುತನದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಒಬ್ಬ ಹುಡುಗಿಯ ಪ್ರಸಂಗ ಬರುತ್ತದೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದವಳು. ಸಹಪಾಠಿಯ ಯಾವುದೋ ಸಣ್ಣ ವಸ್ತು ಕದ್ದಳೆಂದು ಅವಳನ್ನು ಶಾಲೆಯ ಮುಖ್ಯಸ್ಥರ ಎದುರು ನಿಲ್ಲಿಸಿದರು. ಹುಡುಗಿ ನಿಂತಲ್ಲೇ ಕುಸಿದು ಪ್ರಾಣ ಬಿಟ್ಟಳು. ಸುದ್ದಿ ಕೇಳಿದ ಹೆತ್ತವರಿಗೆ ಆಶ್ಚರ್ಯವಾಗಲಿಲ್ಲವಂತೆ. ಅವರ ಇನ್ನಿಬ್ಬರು ಮಕ್ಕಳು ಹೀಗೆಯೇ ಹೋಗಿದ್ದರು: ಒಂದು ಬೆಚ್ಚಿಬಿದ್ದು, ಇನ್ನೊಂದು ಸಿಟ್ಟಿನ ಭರದಲ್ಲಿ.

ಅವಳಿಗೆ ಏನಾಗಿತ್ತು ಎಂದು ತಿಳಿಯಲು ನೂರು ವರ್ಷ ಬೇಕಾಯಿತು. 1957ರಲ್ಲಿ ನಾರ್ವೆಯ ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದೇ ಮನೆಯ ಆರು ಮಕ್ಕಳ ವಿವರ ಪ್ರಕಟಿಸಿದರು. ನಾಲ್ವರು ಹುಟ್ಟುಕಿವುಡರು, ಆ ನಾಲ್ವರಿಗೂ ಮೂರ್ಛೆ. ಮೂವರು ನಾಲ್ಕು, ಐದು, ಒಂಬತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ಒಂದು ಬಡಿತ ಶುರುವಾಗಿ ಹೃದಯದ ಸ್ನಾಯು ಮುಂದಿನದಕ್ಕೆ ಅಣಿಯಾಗಲು ಹಿಡಿಯುವ ಹೊತ್ತನ್ನು ಇಸಿಜಿಯಲ್ಲಿ ‘ಕ್ಯೂಟಿ’ ಅಂತರವೆಂದು ಅಳೆಯುತ್ತಾರೆ. ಆ ಮಕ್ಕಳಲ್ಲಿ ಅದು ಇರಬೇಕಾದುದಕ್ಕಿಂತ ಉದ್ದವಾಗಿತ್ತು. ಇಂಥ ಹೃದಯದ ಮೇಲೆ ಭಯದಿಂದಲೋ ಸಿಟ್ಟಿನಿಂದಲೋ ಓಟದಿಂದಲೋ ಅಡ್ರಿನಲಿನ್ ನುಗ್ಗಿದರೆ ಲಯ ಕೆಡುತ್ತದೆ, ಮಿದುಳಿಗೆ ರಕ್ತ ಸಾಲದೆ ಮಗು ಬೀಳುತ್ತದೆ. ಹೆಚ್ಚಿನ ಸಲ ಲಯ ತಾನಾಗಿ ಸರಿಹೋಗಿ ಮಗು ಎದ್ದು ಕೂರುತ್ತದೆ. ಎಂದೋ ಒಂದು ದಿನ ಏಳುವುದಿಲ್ಲ. ಜೀವಕೋಶದಿಂದ ಪೊಟ್ಯಾಸಿಯಂ ಹೊರಗೆ ಹೋಗುವ ಒಂದು ದಾರಿ ಹೃದಯಕ್ಕೂ ಬೇಕು, ಒಳಗಿವಿಗೂ ಬೇಕು. ಆ ದಾರಿಯೇ ಕೆಟ್ಟಿರುವುದರಿಂದ ಕಿವುಡು ಮತ್ತು ಮೂರ್ಛೆ ಒಟ್ಟಿಗೆ ಬರುತ್ತವೆ.

ಕರ್ನಾಟಕದ ಮಟ್ಟಿಗೆ ಇದು ಪರದೇಶದ ಕಾಯಿಲೆಯಲ್ಲ. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಈ ರೂಪದ ರೋಗ ಕಾಣಿಸಿಕೊಳ್ಳುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು, ಅತ್ತೆಯ ಮಗನಿಗೆ ಮಾವನ ಮಗಳನ್ನು ಕೊಡುವ ಕಡೆ ಅದು ಕೂಡಿಬರುವ ಸಂಭವ ಹೆಚ್ಚು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗೆ ನಡೆದಂಥವು. ಕಿವಿ ಚೆನ್ನಾಗಿಯೇ ಕೇಳುವ ಮಕ್ಕಳಲ್ಲಿ ಕಾಣುವ ಉದ್ದ-ಕ್ಯೂಟಿ ಇನ್ನೂ ಸಾಮಾನ್ಯ: ಸುಮಾರು 2,000 ಮಂದಿಗೆ ಒಬ್ಬರು. ಮೇಷ್ಟ್ರು ಗದರಿದೊಡನೆ ಬೀಳುವ ಹುಡುಗಿಯನ್ನು ನಮ್ಮ ಊರುಗಳು ಏನೆನ್ನುತ್ತವೆ? ‘ನಾಟಕ’ ಎನ್ನುತ್ತವೆ. ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತವೆ. ತುಸು ತಿಳಿದವರಾದರೆ ‘ಫಿಟ್ಸ್’ ಎಂದು ವರ್ಷಗಟ್ಟಲೆ ಮೂರ್ಛೆರೋಗದ ಮಾತ್ರೆ ನುಂಗಿಸುತ್ತಾರೆ. ಬೇಕಾದದ್ದು ಕಾಗದದ ಪಟ್ಟಿಯೊಂದರ ಮೇಲೆ ಹತ್ತು ನಿಮಿಷದಲ್ಲಿ ಮೂಡುವ ಗೆರೆ. ಗೆರೆ ಉದ್ದವಿದ್ದರೆ ಬಹಳಷ್ಟು ಮಕ್ಕಳಿಗೆ ಬೀಟಾ ಬ್ಲಾಕರ್ ಜಾತಿಯ ಅಗ್ಗದ ಮಾತ್ರೆ ದೊಡ್ಡ ರಕ್ಷಣೆ.

ಹೃದಯಕ್ಕೂ ಎಳೆಯರ ನಡತೆಗೂ ನಂಟು ಇದೆಯೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳಿವೆ, ಎರಡೂ ನಿಜ. ನಡತೆಯ ದೋಷವೆಂದು ನಾವು ತಿಳಿದದ್ದು ಹೃದ್ರೋಗದ ಗುರುತಾಗಿರಬಹುದು ಎಂಬುದು ಒಂದು. ನಾಡಿ ಹಿಡಿದು ನೋಡಿದರೆ ಮಗು ಮುಂದೆ ಎಂಥವನಾಗುತ್ತಾನೆ ಎಂಬ ಸುಳಿವು ಸಿಗುತ್ತದೆ ಎಂಬುದು ಇನ್ನೊಂದು. ಪತ್ರಿಕೆಗಳ ತಲೆಬರಹಕ್ಕೆ ಏರುವುದು ಎರಡನೆಯದು. ನನ್ನ ಪ್ರಕಾರ ನಮಗೆ ಉಪಯೋಗಕ್ಕೆ ಬರುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಜಾಗ್ರತೆಯಿಂದ ಮುಟ್ಟದಿದ್ದರೆ ಕೈ ಸುಡುತ್ತದೆ.

ಆದರೂ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ವೀಡನ್ನಿನಲ್ಲಿ ಗಂಡುಮಕ್ಕಳಿಗೆ ಸೇನಾ ತರಬೇತಿ ಕಡ್ಡಾಯವಾಗಿದ್ದ ಕಾಲದಲ್ಲಿ ಹದಿನೆಂಟರ ಹೊತ್ತಿಗೆ ಎಲ್ಲರಿಗೂ ವೈದ್ಯಕೀಯ ತಪಾಸಣೆ ನಡೆಯುತ್ತಿತ್ತು, ವಿಶ್ರಾಂತಿಯಲ್ಲಿದ್ದಾಗಿನ ನಾಡಿಯೂ ದಾಖಲಾಗುತ್ತಿತ್ತು. 1958ರಿಂದ 1991ರ ನಡುವೆ ಹುಟ್ಟಿದ 7,10,264 ಗಂಡಸರ ಆ ದಾಖಲೆಗಳನ್ನು ನ್ಯಾಯಾಲಯದ ಕಡತಗಳ ಜೊತೆ ಹೊಂದಿಸಿ ಆಂಟಿ ಲಾಟ್ವಾಲ ಮತ್ತು ಸಂಗಡಿಗರು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಡಿ ನಿಮಿಷಕ್ಕೆ 60 ಅಥವಾ ಅದಕ್ಕೂ ಕಡಿಮೆ ಇದ್ದವರು ಹಿಂಸೆಯ ಅಪರಾಧಗಳಲ್ಲಿ ಶಿಕ್ಷೆಗೊಳಗಾಗುವ ಸಂಭವ, 83 ಅಥವಾ ಅದಕ್ಕೂ ಹೆಚ್ಚು ಇದ್ದವರಿಗಿಂತ ಶೇ. 39ರಷ್ಟು ಅಧಿಕ. ವ್ಯಾಯಾಮ ಮಾಡುವವರಿಗೂ ನಾಡಿ ನಿಧಾನವಲ್ಲವೇ ಎಂದು ಕೇಳಬಹುದು. ದೇಹದಾರ್ಢ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ಇನ್ನೂ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಇದಕ್ಕೂ ಮೊದಲು, ಮಾರಿಷಸ್ ದ್ವೀಪದಲ್ಲಿ 1,795 ಮಕ್ಕಳ ನಾಡಿಯನ್ನು ಮೂರನೆಯ ವಯಸ್ಸಿನಲ್ಲಿ ಅಳೆದಿಟ್ಟು, ಹನ್ನೊಂದರಲ್ಲಿ ಜಗಳಗಂಟರಾದವರ ನಾಡಿ ಅಂದೇ ನಿಧಾನವಾಗಿತ್ತು ಎಂದು ಮನೋವಿಜ್ಞಾನಿ ಏಡ್ರಿಯನ್ ರೇನ್ ತಂಡ 1997ರಲ್ಲಿ ತೋರಿಸಿತ್ತು.

ಕಾರಣವೇನು? ಇಂಥವರಿಗೆ ಭಯವೇ ಕಡಿಮೆ, ಹಾಗಾಗಿ ಶಿಕ್ಷೆಯ ಹೆದರಿಕೆ ಅವರನ್ನು ತಡೆಯುವುದಿಲ್ಲ ಎಂಬುದು ಒಂದು ವಿವರಣೆ. ಮೈ ಮನಸ್ಸು ಸದಾ ಜಡವೆನಿಸಿ ಅದನ್ನು ಕೆರಳಿಸಿಕೊಳ್ಳಲು ಅಪಾಯ ಹುಡುಕುತ್ತಾರೆ ಎಂಬುದು ಇನ್ನೊಂದು. ಎರಡನ್ನೂ ಒಪ್ಪೋಣ. ಆದರೆ ಬ್ರಿಟಿಷ್ ಸೇನೆಯಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವವರ ಮೇಲೆ 1980ರ ದಶಕದಲ್ಲಿ ನಡೆದ ಅಧ್ಯಯನವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಒತ್ತಡದಲ್ಲೂ ನಾಡಿ ಹೆಚ್ಚು ಏರದೆ ಇದ್ದವರು ಶೌರ್ಯಪದಕ ಪಡೆದವರೇ. ಅದೇ ಶರೀರಗುಣ ಒಬ್ಬನನ್ನು ಜೈಲಿಗೂ ಇನ್ನೊಬ್ಬನನ್ನು ಸನ್ಮಾನದ ವೇದಿಕೆಗೂ ಕೊಂಡೊಯ್ದಿದೆ. ಸ್ವೀಡನ್ನಿನ ಅಧ್ಯಯನದಲ್ಲೇ ನಿಧಾನ ನಾಡಿಯವರು ಅಪಘಾತಗಳಲ್ಲಿ, ಬೇರೆಯವರ ಹಲ್ಲೆಯಲ್ಲಿ ಗಾಯಗೊಂಡದ್ದೂ ಹೆಚ್ಚು. ಅದು ತಲೆಬರಹಕ್ಕೆ ಬರಲಿಲ್ಲ.

ಇನ್ನೊಂದು ತಮಾಷೆಯಿದೆ. ಅದೇ ದೇಶದ ಅದೇ ಬಗೆಯ ಸೇನಾ ದಾಖಲೆಗಳನ್ನು ಬಳಸಿ, ಮರುವರ್ಷ ಅದೇ ಲಾಟ್ವಾಲ ತಂಡ ಇನ್ನೊಂದು ಪ್ರಬಂಧ ಪ್ರಕಟಿಸಿತು. ಈ ಬಾರಿ ನಾಡಿ ವೇಗವಾಗಿದ್ದವರಲ್ಲಿ ಮುಂದೆ ಗೀಳು ರೋಗ, ಆತಂಕ ರೋಗ, ಸ್ಕಿಝೋಫ್ರೇನಿಯಾ ಹೆಚ್ಚೆಂದು ಕಂಡುಬಂತು. ನಿಧಾನವಾದರೆ ಪುಂಡ, ವೇಗವಾದರೆ ಮನೋರೋಗಿ! ಲಕ್ಷಾಂತರ ಜನರ ಸರಾಸರಿಯಲ್ಲಿ ಮಾತ್ರ ಕಾಣುವ ಸಣ್ಣ ವಾಲಿಕೆಯನ್ನು ಒಬ್ಬ ಹುಡುಗನ ಮಣಿಕಟ್ಟಿನಲ್ಲಿ ಹುಡುಕಹೊರಟರೆ ಆಗುವ ಫಜೀತಿ ಇದು. ಆ ಏಳು ಲಕ್ಷ ಚಿಲ್ಲರೆ ಮಂದಿಯಲ್ಲಿ ಹಿಂಸೆಯ ಅಪರಾಧಕ್ಕೆ ಶಿಕ್ಷೆಯಾದವರು ಸುಮಾರು 40 ಸಾವಿರ, ನೂರಕ್ಕೆ ಆರಕ್ಕಿಂತ ಕಡಿಮೆ. ನಿಧಾನ ನಾಡಿಯ ಗುಂಪಿನಲ್ಲೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಯಾರ ಮೇಲೂ ಕೈಯೆತ್ತಿ ಶಿಕ್ಷೆಗೊಳಗಾದವರಲ್ಲ.

ರೇನ್ 2013ರ ತಮ್ಮ ‘ದಿ ಅನಾಟಮಿ ಆಫ್ ವಯಲೆನ್ಸ್’ ಪುಸ್ತಕದ ಕೊನೆಯಲ್ಲಿ ಒಂದು ಭವಿಷ್ಯವನ್ನು ಊಹಿಸುತ್ತಾರೆ: ಹದಿನೆಂಟು ದಾಟಿದ ಗಂಡಸರನ್ನೆಲ್ಲ ಸರ್ಕಾರ ಶರೀರಪರೀಕ್ಷೆಗೆ ಒಳಪಡಿಸಿ ಅಪಾಯಕಾರಿಗಳನ್ನು ಮುಂಚೆಯೇ ಕೂಡಿಹಾಕುವ ಕಾಲ. ಆ ಯೋಜನೆಗೆ ಅವರು ಇಟ್ಟ ಹೆಸರು ಲೊಂಬ್ರೋಸೊ, ಹುಟ್ಟು ಅಪರಾಧಿಗಳಿದ್ದಾರೆಂದು ವಾದಿಸಿದ 19ನೆಯ ಶತಮಾನದ ಇಟಲಿಯ ವೈದ್ಯನದು. ಓದುಗರನ್ನು ಯೋಚನೆಗೆ ಹಚ್ಚಲು ಬರೆದದ್ದಿರಬಹುದು. ನಮಗೆ ಅದು ಊಹೆಯಲ್ಲ, ಇತಿಹಾಸ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು, 1952ರವರೆಗೆ ಅದು ರದ್ದಾಗಲಿಲ್ಲ. ಅಂಥವರನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶ ಆ ಹೆಸರನ್ನು ಇಂದಿಗೂ ಹೊತ್ತಿದೆ. ಈ ನೆಲದಲ್ಲಿ ಮಗುವಿನ ನಾಡಿಯನ್ನು ಗುಣಪ್ರಮಾಣಪತ್ರ ಮಾಡುವ ಮಾತನ್ನು ಯಾರಾದರೂ ಎತ್ತಿದರೆ ಅನುಮಾನದಿಂದಲೇ ನೋಡಬೇಕು. ಅಂದಹಾಗೆ, ಮಾರಿಷಸ್ಸಿನ ಅದೇ ಅಧ್ಯಯನದ ಭಾಗವಾಗಿ ಮೂರರಿಂದ ಐದು ವರ್ಷದ ನೂರು ಮಕ್ಕಳಿಗೆ ಒಳ್ಳೆಯ ಊಟ, ಮೈಗೆ ವ್ಯಾಯಾಮ, ಆಟ-ಪಾಠದ ಶಾಲೆ ಕೊಟ್ಟಿದ್ದರು. ಇಪ್ಪತ್ಮೂರನೆಯ ವಯಸ್ಸಿಗೆ ಅವರಲ್ಲಿ ಅಪರಾಧ ಉಳಿದವರಿಗಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಿತ್ತು. ನಾಡಿ ಎಣಿಸುವ ಯಂತ್ರಕ್ಕಿಂತ ಅಂಗನವಾಡಿಯ ಮೊಟ್ಟೆಗೆ ಹಣ ಹಾಕುವುದು ಜಾಣತನ ಎಂದು ನಾನು ಇದರಿಂದ ಅರ್ಥ ಮಾಡಿಕೊಳ್ಳುತ್ತೇನೆ.

ಇನ್ನು, ನಡತೆಯ ಮುಸುಕಿನಲ್ಲಿ ಅಡಗುವ ಹೃದ್ರೋಗಕ್ಕೆ ಬರೋಣ. ಉದ್ದ-ಕ್ಯೂಟಿ ವಿರಳ. ವಿರಳವಲ್ಲದ್ದು ಸಂಧಿವಾತ ಜ್ವರ, ಡಾಕ್ಟರುಗಳ ಬಾಯಲ್ಲಿ ರುಮ್ಯಾಟಿಕ್ ಫೀವರ್. ಶ್ರೀಮಂತ ದೇಶಗಳು ಬಹುತೇಕ ಮರೆತಿರುವ, ನಮ್ಮ ಇಕ್ಕಟ್ಟಿನ ಮನೆಗಳು ಮರೆಯಲಾಗದ ರೋಗ. ಐದರಿಂದ ಹದಿನೈದರ ಮಗುವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ, ಹೋಗುತ್ತದೆ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಮಾತ್ರ ತಪ್ಪು ಗುರಿ ಹಿಡಿಯುತ್ತವೆ. ಬ್ಯಾಕ್ಟೀರಿಯಾದ ಹೊರಕವಚದ ಪ್ರೋಟೀನಿಗೂ ನಮ್ಮ ಹೃದಯದ ಪ್ರೋಟೀನಿಗೂ ಹೋಲಿಕೆ ಇರುವುದರಿಂದ ಹೃದಯದ ಕವಾಟಗಳ ಮೇಲೆ ದಾಳಿ. ಕೆಲವು ಮಕ್ಕಳಲ್ಲಿ ಮಿದುಳಿನ ಆಳದಲ್ಲಿ ಚಲನೆಯನ್ನು ಹದ್ದುಬಸ್ತಿನಲ್ಲಿಡುವ ಭಾಗದ ಮೇಲೂ ದಾಳಿ. ಈ ಎರಡನೆಯದಕ್ಕೆ ಸಿಡೆನ್ಹ್ಯಾಮ್ ಕೊರಿಯಾ ಎಂದು ಹೆಸರು. ಇಂಗ್ಲೆಂಡಿನ ಥಾಮಸ್ ಸಿಡೆನ್ಹ್ಯಾಮ್ ಅದನ್ನು ವಿವರಿಸಿದ್ದು 1686ರಲ್ಲಿ. ಹೃದಯದ ನಂಟು ಅವನಿಗೆ ಹೊಳೆದಿರಲಿಲ್ಲ.

ಗಂಟಲು ನೋವು ಬಂದು ಒಂದರಿಂದ ಆರು ತಿಂಗಳಾದ ಮೇಲೆ, ಮನೆಯವರು ಆ ಜ್ವರವನ್ನೇ ಮರೆತ ಹೊತ್ತಿನಲ್ಲಿ, ಇದು ಶುರುವಾಗುತ್ತದೆ. ಹುಡುಗಿಯರಲ್ಲಿ ಹೆಚ್ಚು. ಮೊದಲು ಕಾಣುವುದು ಚಲನೆಯಲ್ಲ, ಸ್ವಭಾವ. ಶಾಂತವಾಗಿದ್ದ ಮಗಳು ಸಣ್ಣದಕ್ಕೆ ಅಳುತ್ತಾಳೆ, ರೇಗುತ್ತಾಳೆ. ಕೈ ತೊಳೆದದ್ದನ್ನೇ ತೊಳೆಯುತ್ತಾಳೆ, ಬಾಗಿಲು ಹಾಕಿದ್ದನ್ನೇ ಮತ್ತೆ ನೋಡುತ್ತಾಳೆ. ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಆಮೇಲೆ ಅಕ್ಷರ ಕೆಡುತ್ತದೆ. ಕೈಯಿಂದ ಲೋಟ ಜಾರುತ್ತದೆ, ಮುಖ ತಾನಾಗಿ ಸೊಟ್ಟಗಾಗುತ್ತದೆ, ಚಾಚಿದ ನಾಲಿಗೆ ಒಂದು ಕ್ಷಣವೂ ನಿಲ್ಲದೆ ಒಳಗೆ ಹೋಗುತ್ತದೆ. ನಿಮ್ಮ ಬೆರಳನ್ನು ಹಿಡಿದುಕೋ ಎಂದರೆ ಹಾಲು ಕರೆಯುವವರಂತೆ ಬಿಗಿ ಮಾಡಿ ಸಡಿಲಿಸುತ್ತಾಳೆ. ನಿದ್ದೆಯಲ್ಲಿ ಎಲ್ಲವೂ ಮಾಯ, ಹಾಗಾಗಿ ‘ಬೇಕಂತಲೇ ಮಾಡ್ತಾಳೆ’ ಎಂಬ ಮನೆಯವರ ತೀರ್ಪಿಗೆ ಇನ್ನಷ್ಟು ಬಲ. ವೈದ್ಯರಲ್ಲಿ ಹಳೆಯ ಮಾತೊಂದಿದೆ: ಈ ಮಗು ರೋಗ ಗೊತ್ತಾಗುವ ಮೊದಲು ಮೂರು ಸಲ ಪೆಟ್ಟು ತಿಂದಿರುತ್ತದೆ, ಸುಮ್ಮನೆ ಕೂರದ್ದಕ್ಕೆ, ಪಾತ್ರೆ ಒಡೆದದ್ದಕ್ಕೆ, ಅಜ್ಜಿಯನ್ನು ಅಣಕಿಸಿದ್ದಕ್ಕೆ.

ಕೊರಿಯಾ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುವುದೇ ಹೆಚ್ಚು. ಅಪಾಯ ಇರುವುದು ಆ ಇಳಿಕೆಯಲ್ಲಿ. ಬುದ್ಧಿ ಬಂತು, ಏಟು ಫಲ ಕೊಟ್ಟಿತು ಎಂದು ಎಲ್ಲರೂ ನಿರಾಳ. ಒಳಗೆ ಕವಾಟ ಕೆಡುತ್ತಲೇ ಇರಬಹುದು. ವೈದ್ಯ ವಿಲಿಯಂ ಆಸ್ಲರ್ 1894ರಲ್ಲಿ ಕೊರಿಯಾ ಕುರಿತ ತನ್ನ ಗ್ರಂಥದಲ್ಲಿ, ರೋಗ ಬಂದು ಎರಡು ವರ್ಷ ದಾಟಿದವರನ್ನು ಮತ್ತೆ ಕರೆಸಿ ನೋಡಿದ ಲೆಕ್ಕ ಕೊಟ್ಟಿದ್ದಾನೆ. ಸುಮಾರು ಅರ್ಧದಷ್ಟು ಮಂದಿಯ ಹೃದಯ ಕೆಟ್ಟಿತ್ತು. ಅದೇ ಹುಡುಗಿ ಹತ್ತು ವರ್ಷದ ಮೇಲೆ ಚೊಚ್ಚಲ ಬಸುರಿನಲ್ಲಿ ಉಸಿರು ಕಟ್ಟಿ ಆಸ್ಪತ್ರೆಗೆ ಬಂದಾಗ ಕಿರಿದಾದ ಮೈಟ್ರಲ್ ಕವಾಟ ಸಿಕ್ಕುತ್ತದೆ. ಆರನೆಯ ತರಗತಿಯಲ್ಲಿ ಅವಳು ತಿಂದ ಏಟುಗಳನ್ನು ಆಗ ಯಾರೂ ನೆನೆಯುವುದಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದನ್ನು ನಾವು ಕರುಣೆಯ ವಿಷಯವಾಗಿ ಮಾತ್ರ ನೋಡುತ್ತೇವೆ, ರೋಗನಿದಾನದ ವಿಷಯವೂ ಹೌದು. ಹೊಡೆದ ಕೂಡಲೇ ಪ್ರಶ್ನೆ ಮುಗಿದುಹೋಗುತ್ತದೆ, ಮಗು ಏಕೆ ಹೀಗೆ ಮಾಡಿತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವೋ ಅದಲುಬದಲಾದ ರಕ್ತನಾಳಗಳೋ ಇರುವ ಮಕ್ಕಳದ್ದು ಬೇರೆ ಕತೆ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷದಷ್ಟು ಇಂಥ ಮಕ್ಕಳು ಹುಟ್ಟುತ್ತಾರೆಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಬೆಂಗಳೂರಿನ ಆಸ್ಪತ್ರೆಗಳು ಇವರ ಶಸ್ತ್ರಚಿಕಿತ್ಸೆಯಲ್ಲಿ ದೇಶಕ್ಕೇ ಹೆಸರಾಗಿವೆ, ಬಂಗಾಳದಿಂದಲೂ ಬಾಂಗ್ಲಾದಿಂದಲೂ ಮಕ್ಕಳು ಬರುತ್ತಾರೆ. ಹೊಲಿಗೆ ಒಣಗುತ್ತದೆ, ಮಗು ಮನೆಗೆ ಹೋಗುತ್ತದೆ, ಆಲ್ಬಮ್ಮಿನಲ್ಲಿ ಒಂದು ಫೋಟೊ ಉಳಿಯುತ್ತದೆ. ಆದರೆ ಹೊಟ್ಟೆಯಲ್ಲಿದ್ದಾಗಲೇ ಆ ಹೃದಯ ಮಿದುಳಿಗೆ ಕಳಿಸುತ್ತಿದ್ದ ಆಮ್ಲಜನಕ ಎಷ್ಟೋ ಸಲ ಕಡಿಮೆ. ತೀವ್ರ ದೋಷವಿರುವ ಮಕ್ಕಳು ತಿಂಗಳು ತುಂಬಿ ಹುಟ್ಟಿದರೂ ಮಿದುಳು ಸುಮಾರು ಒಂದು ತಿಂಗಳಷ್ಟು ಎಳೆಯದಾಗಿರುತ್ತದೆ ಎಂದು ಸ್ಕ್ಯಾನ್‌ಗಳು ತೋರಿಸಿವೆ. ಬಾಸ್ಟನ್ನಿನಲ್ಲಿ 1988ರಿಂದ 1992ರ ನಡುವೆ, ರಕ್ತನಾಳ ಅದಲುಬದಲಾಗಿ ಹುಟ್ಟಿ ಶಸ್ತ್ರಚಿಕಿತ್ಸೆಗೊಳಗಾದ ಹಸುಗೂಸುಗಳನ್ನು ಹದಿನಾರನೆಯ ವಯಸ್ಸಿನವರೆಗೂ ಹಿಂಬಾಲಿಸಿದ ಅಧ್ಯಯನವಿದೆ. ಬುದ್ಧಿಯ ಅಂಕ ಹೆಚ್ಚುಕಡಿಮೆ ಎಲ್ಲರಂತೆ. ಆದರೂ ಮೂವರಲ್ಲಿ ಇಬ್ಬರಷ್ಟು ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಕಲಿಕೆಗೋ ನಡತೆಗೋ ವಿಶೇಷ ನೆರವು ಬೇಕಾಯಿತು. ಗಮನ ನಿಲ್ಲದಿರುವುದು, ಎದುರಿನವರ ಮುಖದ ಭಾವ ತಿಳಿಯದಿರುವುದು, ಒಂದು ಕೆಲಸವನ್ನು ಜೋಡಿಸಿಕೊಂಡು ಮಾಡಲಾಗದಿರುವುದು. ಅಮೆರಿಕದ ಹೃದಯ ಸಂಘ 2012ರಲ್ಲಿಯೇ ಇಂಥ ಮಕ್ಕಳ ಬೆಳವಣಿಗೆಯನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂದು ಹೇಳಿತು.

ನಮ್ಮಲ್ಲಿ ಇಂಥ ಹುಡುಗನ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ‘ಹಾರ್ಟ್ ಆಪರೇಷನ್ ಆದ ಮಗು, ಏನೂ ಅನ್ಬೇಡಿ’ ಎಂದು ಅಜ್ಜಿ. ‘ಮುದ್ದು ಮಾಡಿಯೇ ಕೆಡಿಸಿದ್ದೀರಿ’ ಎಂದು ಮೇಷ್ಟ್ರು. ಅಜ್ಜಿಯ ಮಾತಿನಲ್ಲಿ ಕನಿಷ್ಠ ಪ್ರೀತಿಯಿದೆ, ಆದರೂ ಎರಡರಲ್ಲಿ ಯಾವುದೂ ಹುಡುಗನಿಗೆ ಗಣಿತ ಕಲಿಸುವುದಿಲ್ಲ. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಗೂ ಮನಸ್ಸು-ಮಿದುಳಿನ ಆಸ್ಪತ್ರೆ ನಿಮ್ಹಾನ್ಸ್‌ಗೂ ನಡುವೆ ಕೆಲವೇ ಕಿಲೋಮೀಟರ್. ಒಂದು ಕಡೆಯ ಬಿಡುಗಡೆ ಪತ್ರದಲ್ಲಿ ಇನ್ನೊಂದು ಕಡೆಗೆ ಹೋಗಲು, ಊರಿನ ಶಾಲೆಗೆ ತಿಳಿಸಲು ಎರಡು ಸಾಲು ಬರೆದರೆ ಸರ್ಕಾರಕ್ಕೆ ಶಾಯಿಯಷ್ಟೇ ಖರ್ಚು.

ನಡತೆಯಿಂದ ಹೃದಯ ಕೆಡುವ ದಾರಿಯೂ ಇದೆ ಎಂದು ಇಲ್ಲೊಬ್ಬರು ನೆನಪಿಸಬಹುದು. ನಿಜ. ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನ 1972–73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನು ಇಂದಿಗೂ ಬಿಟ್ಟಿಲ್ಲ. ಬಾಲ್ಯದಲ್ಲಿ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾಗದವರ ಆರೋಗ್ಯ ಮೂವತ್ತೆರಡಕ್ಕೇ ಕೆಳಮಟ್ಟದಲ್ಲಿತ್ತು. ಬೀಡಿ, ಕುಡಿತ, ನಿದ್ದೆಗೇಡು ದೇಹಕ್ಕೆ ಬಿಲ್ ಕಳಿಸಿಯೇ ತೀರುತ್ತವೆ. ಆದರೆ ಈ ದಾರಿಯನ್ನು ನಾವು ಈಗಾಗಲೇ ಸಾಕಷ್ಟು ಬೋಧಿಸುತ್ತಿದ್ದೇವೆ. ಬೋಧನೆಯಲ್ಲಿ ಬಿಟ್ಟುಹೋಗುವ ಒಂದು ಅಂಶವೆಂದರೆ ಚಿಕಿತ್ಸೆಯ ಪಾಲು. ರೇಗಾಟ ತಡೆಯಲು ಕೊಡುವ ರಿಸ್ಪೆರಿಡೋನ್, ಓಲಾಂಜಪಿನ್‌ನಂಥ ಔಷಧಗಳು ಮಕ್ಕಳ ತೂಕವನ್ನೂ ರಕ್ತದ ಕೊಬ್ಬನ್ನೂ ವಾರಗಳಲ್ಲೇ ಏರಿಸಬಲ್ಲವು. ಗಮನದ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ನಾಡಿ, ರಕ್ತದೊತ್ತಡಗಳನ್ನು ಸ್ವಲ್ಪ ಏರಿಸುತ್ತದೆ. ಅದರಿಂದ ಹೃದಯಾಘಾತ ಹೆಚ್ಚುವುದಿಲ್ಲವೆಂದು 12 ಲಕ್ಷ ಎಳೆಯರ ಅಮೆರಿಕನ್ ಅಧ್ಯಯನ 2011ರಲ್ಲಿ ತೋರಿಸಿತು. ಹಲವು ವರ್ಷ ಸತತವಾಗಿ ತೆಗೆದುಕೊಂಡವರಲ್ಲಿ ರಕ್ತದೊತ್ತಡದ ಕಾಯಿಲೆ ಹೆಚ್ಚೆಂದು ಇತ್ತೀಚಿನ ಸ್ವೀಡಿಷ್ ಲೆಕ್ಕ ಹೇಳುತ್ತದೆ. ಮಾತ್ರೆ ಬೇಕಾದವರು ನಿಲ್ಲಿಸಬೇಕಿಲ್ಲ, ಆದರೆ ಬಿಪಿ ಪಟ್ಟಿಯನ್ನು ಮನೋವೈದ್ಯರ ಮೇಜಿನ ಮೇಲೂ ಇಡಬೇಕು.

ಹಾಗಾದರೆ ತಂಟೆ ಮಾಡಿದ ಪ್ರತಿ ಮಗುವಿಗೂ ಇಸಿಜಿಯೇ ಎಂಬ ಆಕ್ಷೇಪ ಬರುತ್ತದೆ. ಖಂಡಿತ ಅಲ್ಲ. ತಂಟೆ ಮಕ್ಕಳ ಕಸುಬು. ಕೇಳಬೇಕಾದ ಪ್ರಶ್ನೆಗಳು ಕೆಲವೇ. ಓಡುವಾಗ ಅಥವಾ ಹೆದರಿದಾಗ ಪ್ರಜ್ಞೆ ತಪ್ಪಿದೆಯೇ? ಮನೆಯಲ್ಲಿ ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ಸತ್ತಿದ್ದಾರೆಯೇ? ‘ಆತಂಕ’ ಎಂದು ಕರೆದ ಎದೆ ಡವಡವ ಸ್ವಿಚ್ ಒತ್ತಿದಂತೆ ಶುರುವಾಗಿ ಹಾಗೇ ನಿಲ್ಲುತ್ತದೆಯೇ? ಸ್ವಭಾವ ವಾರಗಳಲ್ಲಿ ಬದಲಾಗಿ ಕೈಬರಹವೂ ಕೆಟ್ಟಿದೆಯೇ? ಇವನ್ನು ಕೇಳಲು ಹೊಸ ಇಲಾಖೆ ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ, ಹದಿನೆಂಟರವರೆಗಿನ ಮಕ್ಕಳಲ್ಲಿ 30 ತೊಂದರೆಗಳನ್ನು ಹುಡುಕುತ್ತದೆ. ಹುಟ್ಟು ಹೃದಯದೋಷ, ರುಮ್ಯಾಟಿಕ್ ಹೃದ್ರೋಗ, ಕಲಿಕೆಯ ತೊಂದರೆ, ಗಮನದ ತೊಂದರೆ ಎಲ್ಲವೂ ಒಂದೇ ಪಟ್ಟಿಯಲ್ಲಿವೆ. ಒಂದರ ಮುಂದೆ ಗುರುತು ಹಾಕಿದಾಗ ಇನ್ನೊಂದನ್ನು ನೋಡು ಎಂಬ ಬಾಣದ ಗುರುತು ಬೇಕು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಗೆ ಬೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿದ್ದರು. ಆ ಭಯದ ಒಂದು ತುಣುಕಾದರೂ ಶಾಲೆಯಲ್ಲಿ ಪದೇಪದೇ ಬೀಳುವ ಹುಡುಗಿಯ ಪಾಲಿಗೆ ಬರಬೇಕಿತ್ತು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ರೋಗ ಪತ್ತೆಯಾದ ಮೇಲಿನದು. ಸಂಧಿವಾತ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಕೆಡದಂತೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ, ಕಡಿಮೆಯೆಂದರೆ ಇಪ್ಪತ್ತೊಂದರ ವಯಸ್ಸಿನವರೆಗೆ, ಕವಾಟ ಕೆಟ್ಟಿದ್ದರೆ ನಲವತ್ತರವರೆಗೂ. ದಪ್ಪ ಔಷಧ, ದಪ್ಪ ಸೂಜಿ, ಎರಡು ದಿನ ಕುಂಟುವಷ್ಟು ನೋವು. ಎಂಟು ವರ್ಷದವನನ್ನು ಅಮ್ಮ ಎತ್ತಿಕೊಂಡು ಹೋಗುತ್ತಾಳೆ. ಹದಿನೈದರವನು ‘ನಂಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ’ ಎಂದು ಕ್ರಿಕೆಟ್ಟಿಗೆ ಹೋಗುತ್ತಾನೆ. ಅಲರ್ಜಿಯ ಭಯದಿಂದ ಚುಚ್ಚಲು ಹಿಂಜರಿಯುವ ಡಾಕ್ಟರುಗಳೂ ಇದ್ದಾರೆ, ಹುಡುಗನಿಗೆ ಅದೇ ನೆಪ. ಇದನ್ನು ಹಠ ಎನ್ನೋಣವೇ, ಬೇಜವಾಬ್ದಾರಿ ಎನ್ನೋಣವೇ? ಆ ವಯಸ್ಸಿನ ಸಹಜ ನಡತೆ ಅದು, ಇಲ್ಲಿ ಅದರ ಬೆಲೆ ಕವಾಟ. ಔಷಧಕ್ಕೆ ಲಿಗ್ನೊಕೇನ್ ಬೆರೆಸಿದರೆ ನೋವು ತಗ್ಗುತ್ತದೆ. ಹೃದಯದ ಸ್ಕ್ಯಾನ್ ಆದ ಎಕೋದ ಪರದೆಯ ಮೇಲೆ ಸೋರುವ ಕವಾಟವನ್ನು ಅವನಿಗೇ ತೋರಿಸಿ ಮಾತಾಡಬಹುದು, ಅಮ್ಮನಿಗೆ ಹೇಳಿ ಕಳಿಸುವ ವಯಸ್ಸು ಅವನದು ದಾಟಿದೆ. ಇಂಜೆಕ್ಷನ್ ದಿನ ಶಾಲೆಯಿಂದ ಅರ್ಧ ದಿನದ ರಜೆ ಹಕ್ಕಾಗಿ ಸಿಗಬೇಕು. ಇಪ್ಪತ್ತೆರಡನೆಯ ದಿನವೂ ಹುಡುಗ ಬಾರದಿದ್ದರೆ ಅವನಿಗೆ ಫೋನ್ ಮಾಡುವ ಸಿಬ್ಬಂದಿ ಯಾರೆಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಹೆಸರು ಸಮೇತ ಬರೆದಿರಬೇಕು.